ಎರಡು ಬೆರಳಿನ ಜಾಗ

ಜನವರಿ ೯

ಪ್ರೀತಿಯ ಗುಮ್ಮನಿಗೆ,

ನಿನ್ನ ಅಕ್ಕ ಬರೆಯುವುದು. ಅಪ್ಪನಿಗೆ ಈ ಕಾಗದ ಓದಿ ಹೇಳುವಾಗ ಎಂದಿನಂತೆ ಅರ್ಧ ನುಂಗಬೇಡ, ಪೂರ್ತಿ ಓದು.

ನನ್ನ ಹೊಸ ಕೆಲಸದ ವಿಷಯ ಕೇಳಿದ್ದಿರಿ. ಇಲ್ಲಿ ಒಂದು ದೊಡ್ಡ ಕೋಣೆಯಲ್ಲಿ ಬೀರುವಿನಂಥ ಯಂತ್ರ ಇದೆ. ಒಳಗೆ ಸಾಲುಸಾಲಾಗಿ ಪುಟ್ಟ ಪೆಟ್ಟಿಗೆಗಳು, ಒಂದೊಂದೂ ಒಂದು ಕಂಪ್ಯೂಟರ್. ನಾವು ಒಂದು ವಾಕ್ಯ ಟೈಪ್ ಮಾಡಿದರೆ ಅವೆಲ್ಲ ಸೇರಿ ಅದನ್ನು ಬಿಡಿಸಿ ಅರ್ಥ ಮಾಡಿಕೊಳ್ಳಬೇಕು. ಮೊದಲು ಒಂದೇ ಕಂಪ್ಯೂಟರ್ ಇತ್ತಂತೆ. ಅದು ಒಂದು ದಾರಿ ಹಿಡಿದು ವಾಕ್ಯದ ಕೊನೆಯವರೆಗೆ ಹೋಗಿ, ದಾರಿ ತಪ್ಪು ಎಂದು ಗೊತ್ತಾದರೆ ಮೊದಲಿಗೆ ಬಂದು ಇನ್ನೊಂದು ದಾರಿ ಹಿಡಿಯುತ್ತಿತ್ತು. ಅಷ್ಟರಲ್ಲಿ ಎಲ್ಲರೂ ಟೀ ಕುಡಿದು ಬರುತ್ತಿದ್ದರಂತೆ. ಈಗಿನದು ಎಲ್ಲ ದಾರಿಗಳಲ್ಲೂ ಒಟ್ಟಿಗೇ ಹೊರಡುತ್ತದೆ.

ಇದಕ್ಕೆಲ್ಲ ತಲೆ ಇಲ್ಲಿಯ ಭಾಷಾ ಮೇಡಂ ಅವರದು. ಜನ ಎಷ್ಟೇ ಮಾತಾಡಲಿ, ಮಾತಿನ ಒಳಗಿರುವ ಕಟ್ಟಳೆಗಳು ಕೆಲವೇ ಎನ್ನುವುದು ಅವರ ಸಿದ್ಧಾಂತ. ಒಂದೊಂದು ಕಟ್ಟಳೆಯನ್ನು ಒಂದೊಂದು ಪೆಟ್ಟಿಗೆಗೆ ಒಪ್ಪಿಸಿದ್ದಾರೆ. ಕೆಲಸ ಮಾಡಿದ್ದು ಯಾರು ಎಂದು ಒಂದು ನೋಡುತ್ತದೆ. ಯಾರ ಮೇಲೆ ಮಾಡಿದ್ದು ಎಂದು ಇನ್ನೊಂದು. ‘ಅವರು’ ಅಂದರೆ ಯಾರು ಎಂದು ಹುಡುಕುವುದೇ ಮತ್ತೊಂದರ ಕೆಲಸ. ಎಲ್ಲವೂ ಒಂದೇ ವಾಕ್ಯದ ಮೇಲೆ ಒಟ್ಟಿಗೆ ಬೀಳುತ್ತವೆ. ಯಾವುದಾದರೂ ಒಂದು ಪೆಟ್ಟಿಗೆ ‘ಇಲ್ಲ’ ಎಂದರೆ ಆ ಅರ್ಥ ಅಲ್ಲಿಗೆ ಸತ್ತಿತು. ಯಾರೂ ‘ಇಲ್ಲ’ ಅನ್ನದೆ ಉಳಿದದ್ದೇ ಸರಿಯಾದ ಅರ್ಥ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ನಮ್ಮವರು ಕೊಡುವ ವಾಕ್ಯಗಳೆಲ್ಲ ಇಸ್ತ್ರಿ ಹಾಕಿದ ಹಾಗೆ ಇವೆ. ಜನ ನಿಜವಾಗಿ ಆಡುವ ಮಾತು ಬೇಕಂತೆ. ನಮ್ಮ ಕ್ಷೌರದ ಅಂಗಡಿಗಿಂತ ಹೆಚ್ಚು ಮಾತು ಇನ್ನೆಲ್ಲಿ ಸಿಗುತ್ತದೆ? ನೀನು ಬಾಯಿ ಬಿಡುವುದಿಲ್ಲ, ಆದರೆ ನಿನ್ನ ಕಿವಿ ಚುರುಕು. ಅಂಗಡಿಯಲ್ಲಿ ಕೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸು. ಹಾಳೆಯ ಒಂದೇ ಬದಿಗೆ ಬರೆ. ಒಂದು ಸಾಲಿಗೆ ಒಂದೇ ವಾಕ್ಯ. ಸಾಲಿನ ನಡುವೆ ಎರಡು ಬೆರಳು ಜಾಗ ಬಿಡು. ಯಾರ ಹೆಸರೂ ಬೇಡ, ಹೆಸರು ಬಂದರೆ ಯಂತ್ರ ಎಡವುತ್ತದೆ.

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಅಕ್ಕ


ಜನವರಿ ೨೦

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಅಪ್ಪ ಮೂರು ಸಲ ಓದಿಸಿದರು. ಕೊನೆಯ ಸಲ ಅಂಗಡಿ ತುಂಬ ಜನ ಇರುವಾಗ ಓದಿಸಿದರು. ಈಗ ಬೀದಿಯಲ್ಲೆಲ್ಲ ಅದೇ ಸುದ್ದಿ. “ನನ್ನ ಮಗಳು ಯಂತ್ರಕ್ಕೆ ಮಾತು ಕಲಿಸ್ತಾಳೆ” ಎಂದು ಅಪ್ಪ ಹೇಳುವುದು, ಪಕ್ಕದ ಅಂಗಡಿಯ ದರ್ಜಿಯಣ್ಣ “ಮೊದಲು ನಿಮ್ಮ ಮಗನಿಗೆ ಕಲಿಸ್ಲಿ” ಅನ್ನುವುದು. ಎಲ್ಲರೂ ನಗುತ್ತಾರೆ. ನಾನೂ ನಕ್ಕೆ.

ಮೇಷ್ಟ್ರು ನಿನ್ನನ್ನು ಕೇಳಿದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಈಗಲೂ ದಿನ ಬಿಟ್ಟು ದಿನ ಬೆಳಿಗ್ಗೆ ಗಡ್ಡಕ್ಕೆ ಬಂದು ಅಪ್ಪನ ಕುರ್ಚಿಯಲ್ಲೇ ಕೂರುತ್ತಾರೆ.

ನಾನು ಬರೆದದ್ದನ್ನೂ ಅಂಚೆಗೆ ಹಾಕುವ ಮುಂಚೆ ಓದಿ ಹೇಳಬೇಕು ಎಂದು ಅಪ್ಪ ಹಟ ಹಿಡಿದಿದ್ದಾರೆ. ಇದನ್ನೂ ಓದುತ್ತೇನೆ. ವಾಕ್ಯದ ಹಾಳೆ ಓದಲು ಹೋದರೆ ಮಾತ್ರ “ಅದು ಯಂತ್ರದ ಮೇವು, ನನಗ್ಯಾಕೋ” ಎಂದು ಕೈ ಆಡಿಸಿಬಿಟ್ಟರು. ಹಾಳೆ ಇದರ ಜೊತೆಗಿದೆ. ಜಾಗ ಸರಿಯಾಗಿ ಬಿಟ್ಟಿದ್ದೇನೆ, ನನ್ನ ಬೆರಳನ್ನೇ ಇಟ್ಟು ಅಳೆದಿದ್ದು.

ನಿನ್ನ ತಮ್ಮ

(ಹಾಳೆ)

ಅರ್ಧ ತಲೇಲಿ ಕೂದಲೇ ಇಲ್ಲ, ಪೂರ್ತಿ ಹೊತ್ತು ಯಾಕೆ ಕೂರಿಸ್ತೀರಿ?

ಈ ಮೀಸೆ ನನ್ನ ಹೆಂಡ್ತಿಗೆ ಇಷ್ಟ ಇಲ್ಲ, ಅದಕ್ಕೇ ಇಟ್ಕೊಂಡಿದೀನಿ.

ನನ್ನ ಸರದಿ ಬರೋ ಹೊತ್ತಿಗೆ ಇನ್ನೊಂದು ಸಲ ಬೆಳೆದಿರುತ್ತೆ ಬಿಡಿ.

ನನ್ನ ಗಂಡನ ತಲೆ ನಿಮ್ಮ ಕೈಗೆ ಒಪ್ಪಿಸಿದೀನಿ, ಸಂಜೆಯೊಳಗೆ ಮನೆಗೆ ಕಳಿಸಿ.

ಒಂದು ಕಿವಿ ಮೇಲಿದೆ ಅಂತ ನಾನು ಹೇಳ್ತಿಲ್ಲ, ಕನ್ನಡಿ ಹೇಳ್ತಿದೆ.


ಫೆಬ್ರವರಿ ೨

ಪ್ರೀತಿಯ ಗುಮ್ಮನಿಗೆ,

ನೀನು ಇಲ್ಲಿ ದೊಡ್ಡ ಮನುಷ್ಯ ಆಗಿಬಿಟ್ಟಿದ್ದೀಯ. ಗಂಡನ ತಲೆಯ ವಾಕ್ಯ ಹಾಕಿದಾಗ ಯಂತ್ರ ನಿಜವಾಗಿಯೂ ತಲೆಯನ್ನೇ ಕತ್ತರಿಸಿ ಮನೆಗೆ ಕಳಿಸಬೇಕೆಂದು ತಿಳಿಯಿತು. ಯಂತ್ರ ನೋಡಿಕೊಳ್ಳುವ ನಮ್ಮ ರಿಪೇರಿಯವನನ್ನು ನಾವೆಲ್ಲ ತಂತಿ ಎಂದು ಕರೆಯುತ್ತೇವೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಮೇಡಂ ಹತ್ತಿರ ಓಡಿದ. ಮೇಡಂ ನಗಲಿಲ್ಲ. “ಯಾವ ಪೆಟ್ಟಿಗೆ ‘ಇಲ್ಲ’ ಅನ್ನಬೇಕಿತ್ತು, ಯಾಕೆ ಅನ್ನಲಿಲ್ಲ, ಅದನ್ನ ಹೇಳು” ಅಂದರು. ಎರಡು ದಿನ ಅದೇ ಆಯಿತು.

ನಾನೂ ಸೇರಿ ಮೂವರು ಟೈಪ್ ಮಾಡುತ್ತೇವೆ. ಉಳಿದ ಇಬ್ಬರು ಈಗ “ನಿಮ್ಮ ತಮ್ಮನ ಕಾಗದ ಬಂತಾ” ಎಂದು ದಿನಾ ಕೇಳುತ್ತಾರೆ. ಈ ಸಲ ಹೆಚ್ಚು ಬರೆ. ಉದ್ದನೆಯವು ಬೇಕು. ಕೇಳಿದ್ದೇ ಆಗಬೇಕೆಂದಿಲ್ಲ, ನೀನೇ ಹೇಳಬೇಕೆನಿಸಿದ್ದಾದರೂ ಸರಿ.

ಅಪ್ಪ, ನಿಮ್ಮ ಆರೋಗ್ಯ ಹೇಗಿದೆ? ನಿಂತೇ ಕೆಲಸ ಮಾಡಬೇಡಿ, ನಡುವೆ ಕೂರಿ.

ನಿನ್ನ ಅಕ್ಕ


ಫೆಬ್ರವರಿ ೧೩

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಚೆನ್ನಾಗಿದ್ದಾರೆ. “ನನಗೇನಾಗಿದೆ, ಕಲ್ಲುಗುಂಡಿನ ಹಾಗಿದೀನಿ, ಹಾಗೆ ಬರಿ” ಅಂದರು, ಹಾಗೇ ಬರೆದಿದ್ದೇನೆ. ಅಂಗಡಿಯ ಕನ್ನಡಿಗಳಿಗೆ ಹೊಸ ಚೌಕಟ್ಟು ಹಾಕಿಸಿದೆವು.

ಅಕ್ಕ, ಈ ಸಲದ ಹಾಳೆಯನ್ನು ನಿಧಾನವಾಗಿ ಓದು. ನೀನು ಹೇಳಿದ ಹಾಗೆ ಬರೆದಿದ್ದೇನೆ.

ನಿನ್ನ ತಮ್ಮ

(ಹಾಳೆ)

ಅಪ್ಪನ ಬಲಗೈ ನಡುಗ್ತಾ ಇದೆ.

ಬಾಚಣಿಗೆ ಹಿಡಿದಾಗ ಗೊತ್ತಾಗಲ್ಲ, ಕತ್ತಿ ಹಿಡಿದಾಗ ಗೊತ್ತಾಗುತ್ತೆ.

ಮೊಣಕೈನ ಪಕ್ಕೆಗೆ ಒತ್ತಿಕೊಂಡು ಗಡ್ಡ ಮಾಡ್ತಾರೆ, ನೋಡಿದವರು ಅದೊಂದು ಗತ್ತು ಅಂದ್ಕೋತಾರೆ.

ಈಗೀಗ ಅದು ಗತ್ತಲ್ಲ ಅಂತ ಗಿರಾಕಿಗಳಿಗೂ ಗೊತ್ತಾಗಿದೆ.

ಅಪ್ಪನ ಕುರ್ಚಿ ಖಾಲಿ ಇದ್ರೂ ನನ್ನ ಕುರ್ಚಿ ಬಿಡುವಾಗೋವರೆಗೆ ಪೇಪರ್ ಓದ್ತಾ ಕೂರ್ತಾರೆ, ಓದಿದ ಪೇಪರನ್ನೇ ಓದ್ತಾರೆ.

ಅಪ್ಪನ ಕುರ್ಚೀಲಿ ಈಗ ಕೂರೋದು ಮೇಷ್ಟ್ರು ಒಬ್ಬರೇ.

ಅಪ್ಪನ ಎದುರು ನಿಂತು ಇದನ್ನ ಹೇಳೋಕೆ ನನಗೆ ಬಾಯೇ ಬರಲ್ಲ.

ಅಕ್ಕ, ನೀನು ಹೇಳಿದ್ರೆ ಅವರು ಕೇಳ್ತಾರೆ.


ಫೆಬ್ರವರಿ ೨೬

ಪ್ರೀತಿಯ ಗುಮ್ಮನಿಗೆ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ಹೊರಗಿನ ದೊಡ್ಡವರೆಲ್ಲ ಯಂತ್ರ ನೋಡಲು ಬರುತ್ತಾರೆ, ಅದರ ಪ್ರದರ್ಶನ. ಅದು ಚೆನ್ನಾಗಿ ಆದರೆ ನಮ್ಮ ಮೂವರ ಕೆಲಸವೂ ಉಳಿಯುತ್ತದೆ. ಮೇಡಂ ಕೋಣೆಯಿಂದ ಕೋಣೆಗೆ ಓಡಾಡುತ್ತಾರೆ, ನಿಂತಲ್ಲಿ ನಿಲ್ಲುವುದಿಲ್ಲ. ಪೆಟ್ಟಿಗೆಗಳು ಒಂದನ್ನೊಂದು ಕಾಯುತ್ತಾ ಸುಮ್ಮನೆ ನಿಂತುಬಿಡುತ್ತವೆ. ಆಗ ತಂತಿ ಬಂದು ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಬೇಕು.

ನಿನ್ನ ಈ ಸಲದ ವಾಕ್ಯಗಳು ಬಹಳ ಚೆನ್ನಾಗಿವೆಯಂತೆ. ಓದಿದ ಪೇಪರನ್ನೇ ಓದುವವರ ವಾಕ್ಯ ನನ್ನ ಪಾಲಿಗೆ ಬಂದಿತ್ತು, ನಮ್ಮ ಅಂಗಡಿಯೇ ಕಣ್ಣ ಮುಂದೆ ಬಂತು. ಪ್ರಶ್ನೆಗಳು ಮಾತ್ರ ನಮ್ಮಲ್ಲಿ ಕಡಿಮೆ ಇವೆ. ಮುಂದಿನ ಸಲ ಪ್ರಶ್ನೆಗಳನ್ನು ಕಳಿಸು. ಪ್ರದರ್ಶನ ಮುಗಿಯುವವರೆಗೆ ಎಲ್ಲ ಹೀಗೇ ನಡೆಯಲಿ. ಆಮೇಲೆ ನಾನೇ ಬಂದು ನಿಮ್ಮನ್ನೆಲ್ಲ ನೋಡಿಕೊಂಡು ಹೋಗುತ್ತೇನೆ.

ಅಪ್ಪನಿಗೆ ನಮಸ್ಕಾರ.

ನಿನ್ನ ಅಕ್ಕ


ಮಾರ್ಚ್ ೮

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂತು. ಹೀಗೇ ನಡೆಯಲಿ ಎಂದು ಬರೆದಿದ್ದೀಯ. ಅಪ್ಪನ ಮುಂದೆ ಓದಬೇಕಾಗುತ್ತದೆಂದು ಅಷ್ಟಕ್ಕೇ ನಿಲ್ಲಿಸಿರುತ್ತೀಯ ಎಂದುಕೊಂಡೆ. ಇಲ್ಲಿಯವರೆಗೆ ಓದಿ ಹೇಳಿದಾಗ ಅಪ್ಪ “ಇದೇನೋ ಹೀಗೆ ಬರ್ದಿದೀಯ, ಇದಕ್ಕೇನರ್ಥ” ಅಂದರು. ಯಂತ್ರದ ವಿಷಯ ಎಂದೆ.

ಹೀಗೇ ನಡೆಯುತ್ತಿದೆ. ಬೀದಿಯ ತುದಿಯಲ್ಲಿ ದೊಡ್ಡ ದೊಡ್ಡ ಗುಂಡಿ ತೋಡಿದ್ದಾರೆ. ಜನ ಸುತ್ತಿಕೊಂಡು ಬರಬೇಕು. ಅಂಗಡಿಗೆ ಬರುವವರು ಕಡಿಮೆಯಾಗಿರುವುದು ಅದಕ್ಕೇ ಎಂದು ಅಪ್ಪ ಹೇಳುತ್ತಾರೆ.

ನೀನು ಕೇಳಿದ ಪ್ರಶ್ನೆಗಳನ್ನು ಕಳಿಸಿದ್ದೇನೆ.

ನಿನ್ನ ತಮ್ಮ

(ಹಾಳೆ)

ಮೊನ್ನೆ ಬೆಳಿಗ್ಗೆ ಮೇಷ್ಟ್ರ ಕಿವಿ ಕೆಳಗೆ ರಕ್ತ ಬಂತು.

ಅಪ್ಪ ಪಟಿಕದ ಕಲ್ಲು ಒತ್ತಿ ಹಿಡಿದ್ರು, ಹಿಡಿದ ಕಲ್ಲೂ ನಡುಗ್ತಿತ್ತು.

ಅಲ್ಲಿ ಮೊದಲೇ ಒಂದು ಗುಳ್ಳೆ ಇತ್ತು ಅಂತ ಮೇಷ್ಟ್ರು ತಾವೇ ಸುಳ್ಳು ಹೇಳಿದ್ರು.

ಇಷ್ಟಾದ್ರೂ ಅವರು ಅದೇ ಕುರ್ಚಿಗೆ ಯಾಕೆ ಬರ್ತಾರೆ?

ಅವರೂ ಬರೋದು ನಿಲ್ಲಿಸಿದ್ರೆ ಅಪ್ಪ ಏನಾಗ್ತಾರೆ?

ನಿಲ್ಲಿಸದೇ ಹೋದ್ರೆ ಅವರ ಕುತ್ತಿಗೆ ಗತಿ ಏನು?

ಅಪ್ಪನ ಕೈಯಿಂದ ಆ ಕತ್ತಿ ಇಸ್ಕೊಳ್ಳೋರು ಯಾರು?

ನೀನು ಯಾವಾಗ ಬರ್ತೀಯ?


ಮಾರ್ಚ್ ೧೭

ಗುಮ್ಮ,

ಕಾರ್ಡಿನಲ್ಲಿ ಇಷ್ಟೇ ಜಾಗ. ನಿನ್ನ ಪ್ರಶ್ನೆಗಳಿಂದ ಎಲ್ಲರಿಗೂ ಖುಷಿ. ‘ನೀನು ಯಾವಾಗ ಬರ್ತೀಯ’ ಅನ್ನುವುದನ್ನು ಯಂತ್ರ ಕಣ್ಣು ಮಿಟುಕಿಸುವುದರಲ್ಲಿ ಬಿಡಿಸಿತು. ಪ್ರದರ್ಶನದ ದಿನ ಮೊದಲು ಅದನ್ನೇ ಹಾಕುತ್ತಾರಂತೆ, ಸುಲಭದ್ದರಿಂದ ಶುರು ಮಾಡಲಿ ಎಂದು. ಇನ್ನೊಂದು ಹಾಳೆ ಬೇಗ ಕಳಿಸು.

ಅಕ್ಕ


ಮಾರ್ಚ್ ೨೫

ಅಕ್ಕನಿಗೆ ನಮಸ್ಕಾರ.

ಕಾರ್ಡು ತಲುಪಿತು. ಸುಲಭದ್ದು ಎಂದು ಬರೆದಿದ್ದೀಯ. ಯಂತ್ರಕ್ಕೆ ಸುಲಭ ಇರಬಹುದು.

ಈ ಸಲ ಹಾಳೆ ಇಲ್ಲ. ಅಂಗಡಿಯಲ್ಲಿ ಈಗ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಂದವರು ಕನ್ನಡಿ ನೋಡಿಕೊಂಡು ಕೂರುತ್ತಾರೆ, ಎದ್ದು ಹೋಗುತ್ತಾರೆ.

ಬಿಸಿಲು ಜೋರಾಗಿದೆ. ಮೇಷ್ಟ್ರು ಮಾತ್ರ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ತಿರುಗಾಡುತ್ತಾರೆ. ನೆಗಡಿ ಅನ್ನುತ್ತಾರೆ.

ಅಪ್ಪ ಕೇಳಿಸಿಕೊಂಡು “ಇಷ್ಟು ಮೋಟು ಕಾಗದ ಯಾಕೆ ಬರೀತೀಯ, ಅವಳು ಬೇಜಾರು ಮಾಡ್ಕೋತಾಳೆ” ಅನ್ನುತ್ತಿದ್ದಾರೆ. ಬರೆಯಲು ಬೇರೆ ಏನೂ ಇಲ್ಲ.

ತಮ್ಮ


ಏಪ್ರಿಲ್ ೨

ಪ್ರೀತಿಯ ತಮ್ಮನಿಗೆ,

ಇದನ್ನು ದರ್ಜಿಯಣ್ಣನ ಅಂಗಡಿಯ ವಿಳಾಸಕ್ಕೆ ಕಳಿಸಿದ್ದೇನೆ. ಅಲ್ಲೇ, ಅವರ ಹೊಲಿಗೆ ಯಂತ್ರದ ಹಿಂದೆ ನಿಂತು ಓದು. ಅಪ್ಪನ ಎದುರು ತೆಗೆಯಬೇಡ.

ನಿನ್ನ ಹಾಳೆಗಳನ್ನು ನಾನು ಓದಿಯೇ ಇರಲಿಲ್ಲ.

ಎರಡು ಬೆರಳು ಜಾಗ ಯಾಕೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಕತ್ತರಿ ಆಡಲು ಬಿಟ್ಟ ಜಾಗ. ಹಾಳೆ ಬಂದ ಕೂಡಲೇ ಅದನ್ನು ಸಾಲುಸಾಲಾಗಿ ಕತ್ತರಿಸಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇವೆ. ಡಬ್ಬಿ ಕುಲುಕಿ ಮೂವರೂ ಕೈಗೆ ಸಿಕ್ಕಿದ ಚೀಟಿ ಎತ್ತಿಕೊಂಡು ಟೈಪ್ ಮಾಡಿ, ಕೊನೆಗೆ ಎಲ್ಲವನ್ನೂ ಮತ್ತೆ ಡಬ್ಬಿಗೇ ತುಂಬುತ್ತೇವೆ. ಯಂತ್ರ ಒಂದೊಂದು ವಾಕ್ಯವನ್ನೂ ಒಂಟಿಯಾಗಿಯೇ ಬಿಡಿಸಬೇಕು, ಹಿಂದೆ ಮುಂದೆ ಏನಿದೆ ಎಂದು ಕದ್ದು ನೋಡಬಾರದು ಎಂದು ಈ ಏರ್ಪಾಡು. ಕತ್ತರಿಸುವವಳು ನಾನೇ. ಸಾಲಿನ ನಡುವಿನ ಖಾಲಿ ಜಾಗದ ಮೇಲೆ ಕಣ್ಣಿಟ್ಟರೆ ಅಕ್ಷರ ಕಾಣುವುದಿಲ್ಲ.

‘ಅಪ್ಪನ ಬಲಗೈ’ ನನ್ನ ಎಡಗಡೆ ಕೂರುವವಳಿಗೆ ಹೋಯಿತು. ‘ಅಕ್ಕ, ನೀನು ಹೇಳಿದ್ರೆ’ ಬಲಗಡೆಯವಳಿಗೆ. ಅವಳು ಯಾವುದೋ ಅಂಗಡಿಯ ಯಾವುದೋ ಅಕ್ಕ ಎಂದುಕೊಂಡು ಟೈಪ್ ಮಾಡಿ, ಬೆರಳ ನೆಟಿಕೆ ಮುರಿದು ಇನ್ನೊಂದು ಚೀಟಿ ಎತ್ತಿಕೊಂಡಳು. ನನಗೆ ಬಂದದ್ದು ಓದಿದ ಪೇಪರು. ನಾನು ನಿನ್ನನ್ನು ಹೊಗಳಿ ಕಾಗದ ಬರೆದೆ.

ಕಳೆದ ವಾರ ಮೇಡಂ ಬಂದು, “ಜನ ಒಂದೊಂದೇ ವಾಕ್ಯ ಆಡಿ ಬಾಯಿ ಮುಚ್ಚಿಕೊಳ್ಳೋದಿಲ್ಲ. ‘ಅವರು’ ಯಾರು ಅಂತ ಹುಡುಕೋ ಪೆಟ್ಟಿಗೆಗೆ ಹಿಂದಿನ ಮಾತೂ ಬೇಕು. ಒಂದು ಹಾಳೇನ ಕ್ರಮವಾಗಿ ಕೊಡಿ” ಅಂದರು. ಕ್ರಮ ಎಲ್ಲಿಂದ ತರುವುದು? ನಿನ್ನ ಮೋಟು ಕಾಗದವೂ ಆವತ್ತೇ ಬಂದಿತ್ತು. ಮಫ್ಲರ್ ಅಂತೆ, ಬಿಸಿಲಂತೆ. ಯಾಕೋ ಮನಸ್ಸು ನಿಲ್ಲಲಿಲ್ಲ. ಡಬ್ಬಿ ನೆಲಕ್ಕೆ ಸುರಿದು ನಿನ್ನ ಅಕ್ಷರದ ಚೀಟಿಗಳನ್ನು ಆರಿಸಿದೆ. ನನ್ನ ಕತ್ತರಿ ಯಾವಾಗಲೂ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಆ ಓರೆಗೆ ಓರೆ ಕೂಡಿಸಿ, ಹರಿದ ಬಟ್ಟೆ ಜೋಡಿಸಿದ ಹಾಗೆ ನಿನ್ನ ಕೊನೆಯ ಎರಡು ಹಾಳೆ ಜೋಡಿಸಿದೆ. ಅಂಟು ಹಚ್ಚುವಾಗಲೂ ಓದಲಿಲ್ಲ. ಆಮೇಲೆ ಓದಿದೆ.

ತಂತಿ ಬಂದು “ಏನಕ್ಕಾ, ನೆಲದ ಮೇಲೆ ಕೂತ್ಬಿಟ್ರಿ” ಅಂದ. ಅವನಿಗೆ ಏನು ಹೇಳಲಿ? ಅಷ್ಟು ಪೆಟ್ಟಿಗೆಗಳು ಒಟ್ಟಿಗೆ ಕೆಲಸ ಮಾಡಿವೆ. ಎಲ್ಲಕ್ಕೂ ತಮ್ಮ ತಮ್ಮ ಪಾಲು ಗೊತ್ತಾಗಿದೆ. ಮೂರು ಜನ ಹೆಂಗಸರು ನಿನ್ನ ಮಾತನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದೇವೆ. ಮನೆಯಲ್ಲಿ ಏನಾಗುತ್ತಿದೆ ಎಂದು ಒಬ್ಬರಿಗೂ ತಿಳಿದಿಲ್ಲ.

ಎರಡು ದಿನದಿಂದ ಚೀಲಕ್ಕೆ ಬಟ್ಟೆ ಹಾಕುವುದು, ತೆಗೆಯುವುದು ನಡೆಸಿದ್ದೇನೆ. ಬರುವುದು ಕಷ್ಟವಲ್ಲ. ಕೇಳಿದರೆ ಮೇಡಂ ಬಿಡುತ್ತಾರೆ. ಆದರೆ ಬಂದು ಏನು ಹೇಳಲಿ? ಗಿರಾಕಿಗಳ ಎದುರು ಮಗಳು ಬಂದು ಕೈಯಿಂದ ಕತ್ತಿ ಕಿತ್ತುಕೊಂಡಳು ಎಂದಾದರೆ ಅಪ್ಪ ಕತ್ತಿಯ ಜೊತೆಗೆ ಅಂಗಡಿಯನ್ನೂ ಬಿಟ್ಟು ಮೂಲೆ ಹಿಡಿಯುತ್ತಾರೆ. ಅಮ್ಮ ಹೋದಾಗಲೂ ಮೂರನೇ ದಿನ ಅಂಗಡಿಯ ಬಾಗಿಲು ತೆಗೆದು ನಿಂತ ಮನುಷ್ಯ. ಅವರಿಗೆ ಆ ಕುರ್ಚಿಯ ಹಿಂದೆ ನಿಲ್ಲದೆ ಬೇರೆ ಕಡೆ ನಿಲ್ಲಲು ಗೊತ್ತಿಲ್ಲ.

ನಿನಗೆ ನೆನಪಿರಲಿಕ್ಕಿಲ್ಲ, ನೀನು ಆಗ ತೀರಾ ಚಿಕ್ಕವನು. ಅಪ್ಪ ಮೊದಲು ಕತ್ತಿ ಕೊಟ್ಟದ್ದು ನನ್ನ ಕೈಗೆ. ಬಲೂನು ಊದಿ, ಅದಕ್ಕೆ ನೊರೆ ಹಚ್ಚಿ, ಒಡೆಯದ ಹಾಗೆ ಬೋಳಿಸಬೇಕು. ನನ್ನ ಮೊದಲ ಬಲೂನು ಒಡೆದು ನೊರೆಯೆಲ್ಲ ನನ್ನ ಮುಖಕ್ಕೇ ಹಾರಿತು. ಎರಡನೆಯದಕ್ಕೆ ಕೈ ನಡುಗಿತು. ಅಪ್ಪ ಬೈಯಲಿಲ್ಲ. ಮೆಲ್ಲಗೆ ಕತ್ತಿ ಇಸಿದುಕೊಂಡು “ನಡುಗೋ ಕೈ ಕತ್ತಿ ಮುಟ್ಟಬಾರದು ಮಗಾ” ಅಂದರು. ನಿನಗೂ ಅದನ್ನೇ ಹೇಳಿಕೊಟ್ಟಿರುತ್ತಾರೆ. ಅದು ಅವರ ಕಟ್ಟಳೆ. ನಾವು ಹೇಳಿದರೆ ಅದು ಮಕ್ಕಳು ಅವರ ಮೇಲೆ ಹೊರಿಸಿದ ಮಾತಾಗುತ್ತದೆ.

ಅವರಿಗೆ ಬೇರೆ ಕಾಗದ ಬರೆದಿದ್ದೇನೆ. ಅದು ಅಂಗಡಿಗೆ ಬರುತ್ತದೆ. ಎಂದಿನಂತೆ ಓದಿ ಹೇಳು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೋ. ನೀನು ಏನೂ ಸೇರಿಸಬೇಡ, ನೆನಪಿಸಬೇಡ. ಅಲ್ಲಿಯವರೆಗೆ ಮೇಷ್ಟ್ರು ಬಂದ ದಿನ ನೀನು ಹತ್ತಿರವೇ ನಿಂತಿರು. ಪ್ರದರ್ಶನ ಮುಗಿದ ಮರುದಿನದ ಬಸ್ಸಿಗೆ ನಾನು ಬರುತ್ತೇನೆ. ಇದು ಸುಲಭದ್ದಲ್ಲ, ಗೊತ್ತು.

ಅಕ್ಕ


ಏಪ್ರಿಲ್ ೨

ಪೂಜ್ಯ ಅಪ್ಪನಿಗೆ ಮಗಳ ನಮಸ್ಕಾರಗಳು.

ತಮ್ಮ ಕಳಿಸಿದ ವಾಕ್ಯಗಳಿಂದ ನಮಗೆ ಬಹಳ ಉಪಯೋಗವಾಯಿತು. ಈಗ ಮೇಡಂಗೆ ಒಂದು ಕಸುಬು ಚೆನ್ನಾಗಿ ಬಲ್ಲ ಹಿರಿಯರ ಮಾತು ಬೇಕಾಗಿದೆ, ಅದೂ ಒಂದರ ಹಿಂದೆ ಒಂದು ಬರುವಂಥದ್ದು. ನಾನು ನಿಮ್ಮ ವಿಷಯ ಹೇಳಿದೆ.

ಹೊಸದಾಗಿ ಕಸುಬಿಗೆ ಸೇರಿದವರಿಗೆ ಗಡ್ಡ ಮಾಡುವುದನ್ನು ನೀವು ಹೇಗೆ ಕಲಿಸುತ್ತೀರಿ? ಕತ್ತಿ ಮುಟ್ಟುವ ಮೊದಲಿನಿಂದ ಹಿಡಿದು ಎಲ್ಲವನ್ನೂ ಹೇಳಿ. ನನಗೆ ಬಲೂನಿನ ಮೇಲೆ ಕಲಿಸಿದಾಗ ಹೇಳಿದ್ದೆಲ್ಲ ಬರಲಿ. ತಮ್ಮ ಬರೆದುಕೊಳ್ಳುತ್ತಾನೆ.

ನಿಮ್ಮ ಮಗಳು


ಏಪ್ರಿಲ್ ೧೧

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಿಲ್ಲ. ಓದಲಾ ಎಂದು ಕೇಳಿದೆ, “ಬೇಡ, ನಿನಗೆ ಬೇಕಾದ್ದು ಬರ್ಕೋ” ಅಂದರು.

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ದರ್ಜಿಯಣ್ಣ ಕಣ್ಣಲ್ಲೇ ಕರೆದು, “ನಿನಗ್ಯಾವಾಗಿಂದ ಗುಟ್ಟಿನ ಕಾಗದ ಬರೋಕೆ ಶುರುವಾಯ್ತೋ” ಎಂದು ಕಾಲೆಳೆದರು. ಓದಿ ಆದ ಮೇಲೆ ನನ್ನ ಮುಖ ನೋಡಿ ಹೊಲಿಗೆಗೆ ತಿರುಗಿದರು. ನಾನು ಇಷ್ಟು ದಿನ ನಿನ್ನ ಮೇಲೆ ಎಷ್ಟು ಸಿಟ್ಟಾಗಿದ್ದೆ ಅಂದರೆ, ಬರೆಯಲು ನಾಚಿಕೆಯಾಗುತ್ತದೆ. ನೀನು ಎಲ್ಲ ಓದಿ, ಇರಲಿ ಬಿಡು ಅಂದುಕೊಂಡೆ ಎಂದು ತಿಳಿದಿದ್ದೆ.

ಅಪ್ಪ ಸಂಭ್ರಮದಿಂದ ಹೊಸ ಅಂಗಿ ಹಾಕಿಕೊಂಡು ಬಂದು ವಾಕ್ಯ ಹೇಳಿದರು, ಯಂತ್ರ ಎದುರಿಗೆ ಕೂತು ನೋಡುತ್ತಿದೆಯೇನೋ ಅನ್ನುವ ಹಾಗೆ. ಕಾಯುತ್ತಿದ್ದವರು ನಡುವೆ ಬಾಯಿ ಹಾಕಿದರೆ “ಸುಮ್ನಿರ್ರೀ, ನಿಮ್ಮ ಮಾತೂ ಸೇರ್ಕೊಂಡುಬಿಡುತ್ತೆ” ಎಂದು ಗದರುತ್ತಿದ್ದರು. ನೀರು ಎಷ್ಟು ಬಿಸಿ ಇರಬೇಕು, ಚರ್ಮದ ಪಟ್ಟಿಯ ಮೇಲೆ ಕತ್ತಿ ಯಾವ ಕಡೆಗೆ ಎಳೆಯಬೇಕು, ಎಡಗೈ ಬೆರಳಲ್ಲಿ ಕೆನ್ನೆ ಹೇಗೆ ಬಿಗಿ ಹಿಡಿಯಬೇಕು, ಎಲ್ಲವನ್ನೂ ಹೇಳಿದರು. ಬಲೂನಿನ ತನಕ ಬಂದರು. ನಾನು ಪೆನ್ನು ಹಿಡಿದು ಕಾದೆ. ಅವರು ಬಲೂನಿನಿಂದ ನೇರವಾಗಿ ಗಿರಾಕಿಯ ಕೆನ್ನೆಗೆ ಹೋದರು. ಕೊನೆಗೆ “ಅಷ್ಟೇ” ಎಂದರು. ನಡುಗುವ ಕೈಯ ಮಾತು ಬರಲೇ ಇಲ್ಲ.

ನಾನು ಏನೂ ಅನ್ನಲಿಲ್ಲ, ನೀನು ಬೇಡ ಎಂದಿದ್ದೆಯಲ್ಲ. ಬೇಡ ಅನ್ನದಿದ್ದರೂ ಅನ್ನುತ್ತಿರಲಿಲ್ಲ. ಆದರೆ ಅವತ್ತಿಡೀ ಅಪ್ಪ ಕೂತಲ್ಲಿ ಕೂರಲಿಲ್ಲ. ಒರೆಸಿದ ಕನ್ನಡಿಯನ್ನೇ ಒರೆಸಿದರು. ಕತ್ತಿಯನ್ನು ಮಸೆದು ಇಟ್ಟರು, ಮತ್ತೆ ತೆಗೆದು ಮಸೆದರು. ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದರು. “ಎಲ್ಲಾ ಬರ್ದಿದೀಯ ತಾನೆ?” ಎಂದು ಕೇಳಿದರು. “ನೀವು ಹೇಳಿದ್ದೆಲ್ಲಾ ಬರ್ದಿದೀನಿ” ಎಂದೆ. “ಹೂಂ” ಎಂದು ಮತ್ತೆ ಬಾಗಿಲಿಗೆ ಹೋದರು.

ಮರುದಿನ ಮೇಷ್ಟ್ರು ಬಂದರು. ಮಫ್ಲರ್ ಬಿಚ್ಚಿ ಮೊಳೆಗೆ ನೇತುಹಾಕಿ ಅಪ್ಪನ ಕುರ್ಚಿಯಲ್ಲಿ ಕೂತರು. ಕಿವಿಯ ಕೆಳಗೆ ಒಂದಲ್ಲ, ಮೂರು ಗಾಯದ ಗೆರೆ ಇದ್ದವು. ಅಪ್ಪ ನೊರೆ ಹಚ್ಚಿದರು. ಕತ್ತಿ ತೆಗೆದರು. ನಾನು ನನ್ನ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಹತ್ತಿರ ಹೋಗಿ ನಿಂತೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಕುರ್ಚಿಯ ತೋಳು ಬಿಗಿಯಾಗಿ ಹಿಡಿದಿದ್ದರು. ಅಪ್ಪ ಆ ಕೈಗಳನ್ನೇ ನೋಡುತ್ತಿದ್ದರು, ಮುಖವನ್ನಲ್ಲ.

“ಒಂದು ಬಿಟ್ಟುಹೋಗಿದೆ” ಅಂದರು. “ಬರ್ಕೋ.”

ನನ್ನ ಹತ್ತಿರ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ. “ಹೇಳಿ, ನೆನಪಿಟ್ಕೋತೀನಿ” ಎಂದೆ.

“ನಡುಗೋ ಕೈ ಕತ್ತಿ ಮುಟ್ಟಬಾರದು.”

ಕತ್ತಿ ಇನ್ನೂ ಅವರ ಕೈಯಲ್ಲೇ ಇತ್ತು. “ನಾನೇನಂದೆ, ಹೇಳು” ಅಂದರು. ಅಕ್ಕ, ನನ್ನ ಬಾಯಿಂದ ಅದು ಹೊರಟದ್ದು ಆವಾಗಲೇ. ಅವರು ಹೇಳಿದ ಹಾಗೇ ಹೇಳಿದೆ. “ಇನ್ನೊಂದ್ಸಲ” ಅಂದರು. ಮತ್ತೆ ಹೇಳಿದೆ. ಅಪ್ಪ ಕತ್ತಿಯನ್ನು ಮಡಚಿ ನನ್ನ ಅಂಗೈಯಲ್ಲಿ ಇಟ್ಟರು.

ಮೇಷ್ಟ್ರು ಕಣ್ಣು ತೆರೆಯದೆ, “ನೊರೆ ಮಾತ್ರ ನೀವೇ ಹಚ್ಚಬೇಕು. ಈಚೆಗೆ ನಿಮ್ಮ ಕೈಲಿ ನೊರೆ ಏಳೋ ಹಾಗೆ ಮೊದಲು ಏಳ್ತಾನೇ ಇರ್ಲಿಲ್ಲ” ಅಂದರು. ಅಪ್ಪ ಕನ್ನಡಿಯಲ್ಲಿ ಅವರನ್ನು ನೋಡಿದರು. ಬೈಯುತ್ತಾರೋ ನಗುತ್ತಾರೋ ಗೊತ್ತಾಗಲಿಲ್ಲ. ಬ್ರಷ್ ತೆಗೆದುಕೊಂಡು ಇನ್ನೊಂದು ಸುತ್ತು ನೊರೆ ಹಚ್ಚಿದರು. ನಾನು ಗಡ್ಡ ಮಾಡಿದೆ. ಅಷ್ಟು ಹೊತ್ತೂ ಅಪ್ಪ ನನ್ನ ಹೆಗಲ ಹಿಂದೆ ನಿಂತು ತಪ್ಪು ಹುಡುಕಿದರು.

ಸಂಜೆ ಹಾಳೆ ತರಲು ಹೇಳಿದರು. ಓದಿಸಿದರು. ಆಮೇಲೆ ಬೆರಳಿಂದ ಸಾಲಿನ ನಡುವೆ ಮುಟ್ಟಿ, “ಇದೇನೋ ಇಷ್ಟು ಜಾಗ ಬಿಟ್ಟಿದೀಯ?” ಅಂದರು. ನನಗೆ ಸುಳ್ಳು ಹೊಳೆಯಲಿಲ್ಲ. ಕತ್ತರಿಸುವುದಕ್ಕೆ ಎಂದೆ, ಡಬ್ಬಿಯ ವಿಷಯ ಹೇಳಿದೆ. ಮೊದಲಿನ ಹಾಳೆಗಳಲ್ಲಿ ನಾನು ಏನು ಬರೆದಿದ್ದೆ ಎಂದೂ ಹೇಳಿದೆ. ಅಪ್ಪ ಹಾಳೆಯನ್ನು ಪಕ್ಕಕ್ಕಿಟ್ಟರು. “ಅಂದ್ರೆ ಮೇಷ್ಟ್ರಿಗೆ ಗೊತ್ತು, ನಿನಗೆ ಗೊತ್ತು, ಅವಳಿಗೆ ಗೊತ್ತು, ಆ ಯಂತ್ರಕ್ಕೂ ಗೊತ್ತು” ಅಂದರು. ಆಮೇಲೆ, “ಇದನ್ನ ಹರಿದುಹಾಕು. ಬೇರೆ ಬರಿ. ಈ ಸಲ ಜಾಗ ಬಿಡಬೇಡ, ಕತ್ತರಿ ತೂರದ ಹಾಗೆ ಒತ್ತಿ ಬರಿ.”

ಹಾಗೇ ಬರೆದಿದ್ದೇನೆ. ನೀನು ಬೇಗ ಬಾ.

ನಿನ್ನ ತಮ್ಮ

(ಹಾಳೆ)

ಮೊದಲು ಕೈ ತೊಳೀಬೇಕು, ಆಮೇಲೆ ಗಿರಾಕಿ ಮುಖ ನೋಡ್ಬೇಕು, ಅವನು ಮಾತಾಡೋ ಮನುಷ್ಯನೋ ಸುಮ್ನಿರೋ ಮನುಷ್ಯನೋ ಅಂತ. ನೀರು ನಿನ್ನ ಮೊಣಕೈಗೆ ಹಿತ ಆದ್ರೆ ಅವನ ಕೆನ್ನೆಗೂ ಹಿತ. ಪಟ್ಟಿ ಮೇಲೆ ಕತ್ತೀನ ಬೆನ್ನು ಮುಂದಾಗಿ ಎಳೀಬೇಕು, ಬಾಯಿ ಮುಂದಾಗಿ ಎಳೆದ್ರೆ ಪಟ್ಟಿ ಸೀಳುತ್ತೆ. ಬಲೂನು ಒಡೆದ್ರೆ ಹೆದರ್ಬಾರ್ದು, ಇನ್ನೊಂದು ಊದಬೇಕು. ನಡುಗೋ ಕೈ ಕತ್ತಿ ಮುಟ್ಟಬಾರದು. ಅದು ಯಾರ ಕೈ ಆದ್ರೂ ಸರಿ. ನನಗೆ ಮೊದಲೇ ಗೊತ್ತಿತ್ತು ಮಗಾ, ಬೆಳಿಗ್ಗೆ ಟೀ ಲೋಟದಲ್ಲೇ ಗೊತ್ತಾಗ್ತಿತ್ತು. ಕೆಳಗೆ ಇಟ್ಟ ಕತ್ತೀನ ಮತ್ತೆ ಎತ್ಕೊಳ್ಳೋಕೆ ಆಗಲ್ಲ ಅಂತ ಇಡಲಿಲ್ಲ ಅಷ್ಟೇ. ಮೇಷ್ಟ್ರಿಗೆ ಸುಳ್ಳು ಹೇಳೋಕೆ ಸ್ವಲ್ಪಾನೂ ಬರಲ್ಲ. ಬೆಳಿಗ್ಗೆಯಿಂದ ನನಗೆ ಎಲ್ಲಿ ನಿಲ್ಲಬೇಕು ಅಂತಾನೇ ತಿಳೀತಿಲ್ಲ, ಬಾಗಿಲಿಗೂ ಕುರ್ಚಿಗೂ ಓಡಾಡ್ತಾ ಇದೀನಿ, ನಿನ್ನ ತಮ್ಮನಿಗೆ ಅಡ್ಡ ಬರ್ತಾ ಇದೀನಿ. ಅವನ ಕೈ ಕಿವಿ ಹತ್ತಿರ ಇನ್ನೂ ಭಾರ. ಬರೋವಾಗ ಬಲೂನು ತಗೊಂಡು ಬಾ, ಒಂದೆರಡು ಹೆಚ್ಚಿಗೆ ಇರ್ಲಿ.